ಅನುಭವ: ಇಲ್ಲ

ಫೆಬ್ರುವರಿ 3, ಸೋಮವಾರ

ಮತ್ತೆ ಅದೇ ಕಥೆ. ಕೆಲಸಕ್ಕೆ ಅರ್ಜಿ ಬರೆಯಿರಿ ಎಂದರೆ ಅರ್ಧ ತರಗತಿ ರಜಾ ಚೀಟಿ ಬರೆದಿದೆ. 'ಆದಕಾರಣ ದಯವಿಟ್ಟು ನನಗೆ ಮೂರು ದಿನ ಕೆಲಸ ಕೊಡಬೇಕಾಗಿ ವಿನಂತಿ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.' ಗಟ್ಟಿಯಾಗಿ ಓದಿದೆ. ಬರೆದ ಪುಣ್ಯಾತ್ಮನೂ ಬಿದ್ದು ಬಿದ್ದು ನಕ್ಕ.

"ನಾಲ್ಕನೇ ದಿನ ಏನಪ್ಪಾ ಮಾಡ್ತೀಯ?"

"ಜ್ವರ ಬರುತ್ತೆ ಮಿಸ್."

ಶಾಲೆಯ ಕೊನೆಯ ವರ್ಷದವರು. ಹೆಚ್ಚಿನವರು ಪರೀಕ್ಷೆ ಮುಗಿಸಿ ನೇರ ದುಡಿಮೆಗೆ. ಅರ್ಜಿ, ಬಯೋಡೇಟಾ ಕಲಿಸುವ ಪೀರಿಯಡ್ಡನ್ನು ಹೆಡ್‌ಮಾಸ್ಟರು ನನ್ನ ತಲೆಗೆ ಕಟ್ಟಿದ್ದಾರೆ. ಕಾವ್ಯ ಓದಿ ಎಂ.ಎ. ಮಾಡಿದವಳಲ್ಲವೇ, ಅರ್ಜಿ ಯಾವ ಲೆಕ್ಕ ಎಂದು.

ಫೆಬ್ರುವರಿ 6

ಬಯೋಡೇಟಾ. 'ಅನುಭವ' ಎಂಬ ಕಾಲಂ ಬಂದದ್ದೇ ಎಲ್ಲರೂ ಎಡವಿದರು. ಒಬ್ಬ: 'ನಾಯಿ ಕಚ್ಚಿದೆ.' ಒಬ್ಬಳು: 'ತುಂಬಾ ಕಹಿ.' ಅವರ ತಪ್ಪೇನು? ಮನೆಯಲ್ಲಿ ಆ ಮಾತಿಗೆ ಇರುವುದು ಅದೇ ಅರ್ಥ.

'ಗಡಿಯಾರ' ಎಂದು ಕರೆಸಿಕೊಳ್ಳುವ ಹುಡುಗಿ ಬರೆದದ್ದು: 'ಅಮ್ಮ ಎರಡು ವರ್ಷದಿಂದ ಮಲಗಿದಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇನೆ. ಬೆನ್ನು ಇನ್ನೂ ಹುಣ್ಣಾಗಿಲ್ಲ.'

ಪಾಠದ ಮಧ್ಯೆ ಗೋಡೆ ಗಡಿಯಾರವನ್ನೇ ನೋಡುತ್ತಾಳೆಂದು ಹುಡುಗರು ಇಟ್ಟ ಹೆಸರು. ಬೆಲ್ ಹೊಡೆದ ತಕ್ಷಣ ಮನೆಗೆ ಏಕೆ ಓಡುತ್ತಾಳೆ ಎಂದು ಇವತ್ತು ತಿಳಿಯಿತು. ಆ ಹೊತ್ತಿನವರೆಗೆ ಪಕ್ಕದ ಮನೆ ಅಜ್ಜಿ ನೋಡಿಕೊಳ್ಳುತ್ತಾರಂತೆ.

ಕವಿತೆಯಲ್ಲಿ ಸಿಕ್ಕಿದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆಯುತ್ತಿದ್ದೆ. ಇದು ಬಯೋಡೇಟಾ. ಅಕ್ಷರಗಳ ಮೇಲೇ ಎಳೆದೆ.

"ಇಲ್ಲಿ ಸಂಬಳದ ಕೆಲಸ ಮಾತ್ರ ಬರೀಬೇಕಮ್ಮ. ನೀನು 'ಇಲ್ಲ' ಅಂತ ಬರಿ."

"ಇಲ್ಲ ಅಂತಾನಾ ಮಿಸ್?"

"ಹೂಂ. ಇಲ್ಲ ಅಂತ."

ಬರೆದಳು. ಎಷ್ಟು ದುಂಡಗಿನ ಅಕ್ಷರ.

ಫೆಬ್ರುವರಿ 7

ಗಡಿಯಾರ ತರಗತಿ ಮುಗಿದ ಮೇಲೆ ನಿಂತಳು. ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಖಾಲಿ ಇದೆ. ಹದಿನೆಂಟು ತುಂಬಿದೆ ಇವಳಿಗೆ. ಕೆಲಸದವರ ಮನೆಯ ರೋಗಿಗಳನ್ನು ಹಿಂದಿನ ವಾರ್ಡಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಸಿಗದಿದ್ದರೆ ತಿಂಗಳ ಕೊನೆಗೆ ಅಣ್ಣ ಬಂದು ಅಮ್ಮನನ್ನು ದೂರದ ಅನಾಥರ ಆಶ್ರಮಕ್ಕೆ ಸೇರಿಸುತ್ತಾನೆ.

"ಅಣ್ಣ ಕೆಟ್ಟವನಲ್ಲ ಮಿಸ್. ಅತ್ತಿಗೆಗೇ ಸೊಂಟ ಎತ್ತೋಕಾಗಲ್ಲ. ಆದ್ರೆ ಅಲ್ಲಿ ಅಮ್ಮನ್ನ ಯಾರು ತಿರುಗಿಸ್ತಾರೆ?"

ಅರ್ಜಿಯ ಸಾಲು ಸಾಲೂ ತಿದ್ದಿಕೊಟ್ಟೆ. ಒಂದು ಕಾಗುಣಿತ ತಪ್ಪಿಲ್ಲ. ಹೆಮ್ಮೆಯಾಯಿತು... ನನಗೆ.

ಫೆಬ್ರುವರಿ 18

ನರ್ಸಿಂಗ್ ಹೋಮಿನಿಂದ ಉತ್ತರ ಬಂದಿದೆ. 'ಅನುಭವವಿಲ್ಲದ ಕಾರಣ ತಮ್ಮ ಅರ್ಜಿಯನ್ನು ಪರಿಗಣಿಸಲಾಗಿಲ್ಲ.' ನನ್ನ ಮೇಜಿನ ಮೇಲಿಟ್ಟು ಹೇಳಿದಳು, "ನೀವು ಹೇಳಿದ ಹಾಗೇ ಬರೆದಿದ್ದೆ ಮಿಸ್."

ದೂರಲಿಲ್ಲ. ದೂರಿದ್ದರೆ ಬದುಕಿಕೊಳ್ಳುತ್ತಿದ್ದೆ.

ಫೆಬ್ರುವರಿ 19

ತಡೆಯಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿನ ಮೇಟ್ರನ್ ಹೊದಿಕೆ ಮಡಚುತ್ತಲೇ ಕೇಳಿಸಿಕೊಂಡರು. ಆಮೇಲೆ ಕೈ ನಿಂತಿತು.

"ಎರಡು ವರ್ಷ ಮಲಗಿದವರ ಬೆನ್ನಲ್ಲಿ ಒಂದು ಹುಣ್ಣಿಲ್ವಾ? ಇಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಓಡಾಡೋ ಮಹಾರಾಣಿಯರ ಕೈಲಿ ಎರಡು ತಿಂಗಳು ಆಗಲ್ಲ, ಟೀಚರ್! ಇದನ್ನ ಯಾಕೆ ಬರೀಲಿಲ್ಲ ಆ ಹುಡುಗಿ?"

"ಬರೆದಿದ್ಲು."

"ಮತ್ತೆ?"

ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಮಡಚಿದೆವು.

ಆ ಜಾಗಕ್ಕೆ ಬೇರೆಯವಳು ಬಂದಾಗಿದೆ. ಮಾರ್ಚ್ ಮೊದಲಿಗೆ ಇನ್ನೊಬ್ಬಳು ಬಿಡುತ್ತಾಳೆ. "ಸೋಮವಾರ ಬೆಳಿಗ್ಗೆ ಡಾಕ್ಟರ್ ಸಹಿ ಹಾಕ್ತಾರೆ. ಅಷ್ಟರೊಳಗೆ ಹೊಸ ಬಯೋಡೇಟಾ ತರಿಸಿ. ನಾನು ಬಾಯಲ್ಲಿ ಹೇಳಿದ್ರೆ ನಡೆಯಲ್ಲ, ಅವ್ರಿಗೆ ಕಾಗದದ ಮೇಲೆ ಬೇಕು."

ಫೆಬ್ರುವರಿ 21

ಗಡಿಯಾರ ಶಾಲೆಗೆ ಬಂದಿಲ್ಲ. ನಿನ್ನೆಯೂ ಇಲ್ಲ. ಮನೆ ಎಲ್ಲಿ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತವರು! ನಾನೇನು ಕೇಳಿದ್ದೆನೇ?

ಹೆಡ್‌ಮಾಸ್ಟರು: "ಮೇಡಂ, ಒಬ್ಬಳ ಹಿಂದೆ ಬಿದ್ರೆ ಉಳಿದವರ ಪಾಠ ಏನಾಗ್ಬೇಕು?" ಸರಿ ಎಂದೆ. ಸರಿಯೇ.

ಫೆಬ್ರುವರಿ 22, ಶನಿವಾರ

ಮನೆ ಸಿಕ್ಕಿತು. ಇಟ್ಟಿಗೆ ಗೂಡಿನ ಹಿಂದಿನ ಸಾಲು, ಒಂದೇ ಕೋಣೆ. ಗುರುವಾರ ಅಣ್ಣ ಬಂದಿದ್ದನಂತೆ. ಅತ್ತು ಕರೆದು ತಿಂಗಳ ಕೊನೆಯವರೆಗೆ ಒಪ್ಪಿಸಿದ್ದಾಳೆ. ಅಮ್ಮನಿಗೆ ಮಾತಿಲ್ಲ, ಕಣ್ಣಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮಗಳತ್ತ ಹುಬ್ಬು ಏರಿಸಿದರು.

"ಮಿಸ್ ಕಣಮ್ಮ. ನನ್ನ ಬಯೋಡೇಟಾಕ್ಕೆ ಗೀಟು ಹಾಕಿದ್ರಲ್ಲ, ಅವ್ರೇ."

ಮೇಟ್ರನ್ ಹೇಳಿದ್ದನ್ನು ಹೇಳಿದೆ. ನಂಬಲಿಲ್ಲ. "ಇದನ್ನೆಲ್ಲ ನಿಜವಾಗ್ಲೂ ಬರೀಬಹುದಾ?"

"ಬರೀಲೇಬೇಕು. ಕೂತ್ಕೋ, ಈಗ್ಲೇ—"

"ನಾಳೆ ಬರೀತೀನಿ. ನೀವು ಹೇಳ್ಕೊಡ್ಬೇಡಿ ಮಿಸ್, ಆಯ್ತಾ?"

ಮೊದಲ ಸಲ ನಕ್ಕಿದ್ದು ನೋಡಿದೆ. ಅಲ್ಲೇ ಕೂತು ಬರೆಸಬೇಕಿತ್ತೇನೋ. ನಕ್ಕಳಲ್ಲ, ಎದ್ದು ಬಂದೆ.

ಫೆಬ್ರುವರಿ 24, ಸೋಮವಾರ

ನನಗಿಂತ ಮೊದಲೇ ಬಂದು ನರ್ಸಿಂಗ್ ಹೋಮಿನ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ತಲೆ ಬಾಚಿರಲಿಲ್ಲ. ತೊಡೆಯ ಮೇಲೆ ಕಾಗದ.

"ನಿನ್ನೆ ಗಾಡಿ ಸಿಕ್ತು ಅಂತ ಅಣ್ಣ ಬಂದ್ಬಿಟ್ಟ ಮಿಸ್. ಅಲ್ಲೊಂದು ಹಾಸಿಗೆ ಖಾಲಿಯಾಗಿದ್ಯಂತೆ. ಇವತ್ತು ಬಿಟ್ರೆ ಮತ್ತೆ ಸಿಗಲ್ಲ ಅಂದ, ಅಮ್ಮನ್ನ ಕರ್ಕೊಂಡು ಹೋದ. ನಾನು ಬರೀತಾ ಕೂತಿದ್ದೆ."

ಪಕ್ಕದಲ್ಲಿ ಕುಳಿತೆ. ಮೈ ತಣ್ಣಗಿತ್ತು ಅವಳದು. ಕೆಲಸ ಸಿಕ್ಕರೆ ವಾಪಸ್ಸು ಕರೆತರಬಹುದು, ಮೇಟ್ರನ್ ಅವರನ್ನು ನಾನೇ ಕೇಳುತ್ತೇನೆ, ಏನೇನೋ ಒದರಿದೆ. ತಲೆಯಾಡಿಸಿದಳು.

"ಒಂದು ಡೌಟು ಮಿಸ್."

ಕಾಗದ ತೋರಿಸಿದಳು. ಅನುಭವ: 'ಹಾಸಿಗೆ ಹಿಡಿದ ತಾಯಿಯನ್ನು ಎರಡು ವರ್ಷದಿಂದ ಒಬ್ಬಳೇ ನೋಡಿಕೊಳ್ಳು'. ಅಲ್ಲಿಗೇ ನಿಂತಿತ್ತು.

"'ತ್ತಿದ್ದೇನೆ' ಅಂತ ಬರೀಲಾ, 'ತ್ತಿದ್ದೆ' ಅಂತ ಬರೀಲಾ?"

ಡಾಕ್ಟರ ಕಾರು ಗೇಟಿನೊಳಗೆ ಬಂತು. ಪೆನ್ನು ಕಾಗದದ ಮೇಲೇ ಇತ್ತು. ನನ್ನ ಬಾಯನ್ನೇ ನೋಡುತ್ತಿದ್ದಳು.

ನಾನು ಹೇಳಿದೆ, "'ತ್ತಿದ್ದೇನೆ' ಅಂತ ಬರಿಯಮ್ಮ."