ಮೇಡಂ ಮುಂದೆ ಹೇಳಿದ ನಿಜ

ಬುಧವಾರ, 14ನೇ ತಾರೀಖು

ಈ ಭಾನುವಾರ ನನ್ನನ್ನು ಮನೆಗೆ ಕಳಿಸುವುದಿಲ್ಲವಂತೆ. ತಂಗಿಗೆ ಮಗಳು ಹುಟ್ಟಿ ತಿಂಗಳಾಯಿತು, ಇನ್ನೂ ಮುಖ ನೋಡಿಲ್ಲ.

ಆರು ವಾರದಿಂದ ಈ ಮಾನಸಿಕ ಆಸ್ಪತ್ರೆಯ ವಾರ್ಡಿನವರೆಲ್ಲ ಕುರ್ಚಿ ದುಂಡಗೆ ಹಾಕಿಕೊಂಡು, ಕಣ್ಣು ಮುಚ್ಚಿ ಉಸಿರು ಗಮನಿಸುತ್ತೇವೆ. ತಲೆಯೊಳಗೆ ದನಿ ಬಂದರೆ ಜಗಳಕ್ಕೆ ಹೋಗಬಾರದು, ಮತ್ತೆ ಉಸಿರಿಗೆ ಮರಳಬೇಕು. ಆಮೇಲೆ ಏನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಧೈರ್ಯ ಮಾಡಿದೆ.

“ದನಿ ಬಂತು ಮೇಡಂ. ದಂಡಪಿಂಡ ಅಂತ ಬೈತು. ಬೈಕೊಳ್ಳಲಿ ಅಂತ ಸುಮ್ನೆ ಕೂತೆ.”

ಧ್ಯಾನ ಕಲಿಸುವ ಮೇಡಂ ಮುಖ ಅರಳಿತು. “ಇದನ್ನೇ ಅಲ್ವಾ ನಾನು ಇಷ್ಟು ದಿನ ಹೇಳ್ತಿರೋದು!”

ಪಕ್ಕದ ಹಾಸಿಗೆಯ ಮೀಸೆ ಮಾವ, “ನಂಗೇನೂ ಕೇಳಿಸ್ಲಿಲ್ಲಮ್ಮ, ಬರೀ ಶಾಂತಿ” ಎಂದರು. ಸುಳ್ಳು. ಕಣ್ಣು ಮುಚ್ಚಿದಷ್ಟು ಹೊತ್ತೂ ಯಾರಿಗೋ ಉತ್ತರ ಕೊಟ್ಟು ಗೊಣಗುತ್ತಿದ್ದರು.

ಸಂಜೆ ದೊಡ್ಡ ಡಾಕ್ಟರು ಫೈಲು ತೆರೆದರು. ಧ್ಯಾನದ ಹೊತ್ತಿಗೆ ಅಲ್ಲೇ ಇದ್ದ ನರ್ಸ್ ಬರೆದದ್ದು ಒಂದೇ ಸಾಲು: ದನಿ ಇನ್ನೂ ಕೇಳಿಸುತ್ತಿದೆ. “ಮನೆಗೆ ಹೋಗೋದು ಸದ್ಯಕ್ಕೆ ಬೇಡಪ್ಪಾ” ಎಂದು ಮುಂದಿನ ಹಾಸಿಗೆಗೆ ಹೋದರು. ಮೀಸೆ ಮಾವನಿಗೆ ರಜೆ ಸಿಕ್ಕಿತು.

“ಪೆದ್ದ ಕಣೋ ನೀನು” ಎಂದರು ಮಾವ, ಅಂಗಿ ಮಡಚುತ್ತಾ. “ಅಲ್ಲಿ ಆಡಿದ್ದೆಲ್ಲಾ ಫೈಲಿಗೆ ಹೋಗುತ್ತೆ ಅಂತ ಇಷ್ಟು ದಿನಕ್ಕೂ ಗೊತ್ತಾಗ್ಲಿಲ್ವಾ?”

ಹಾಗಾದರೆ ಕಲಿಸುವುದು ಒಂದನ್ನು, ಪಾಸು ಮಾಡುವುದು ಇನ್ನೊಂದಕ್ಕೆ. ದನಿ ಬಂದದ್ದು ಹೊಸತೇ? ಎಂಟು ವರ್ಷದಿಂದ ಬರುತ್ತಿದೆ. ಅದು ಬೈಯುವಾಗ ನಾನು ಎದ್ದು ಓಡದೆ, ಕಿರುಚದೆ ಕೂತಿದ್ದು ಹೊಸತು. ಅದನ್ನು ಯಾರೂ ಬರೆಯಲಿಲ್ಲ.

ನಾಳೆ ಡಾಕ್ಟರನ್ನು ಕೇಳಿಯೇ ಕೇಳುತ್ತೇನೆ. ಮಾತು ಹೊರಡದಿದ್ದರೆ ಈ ಹಾಳೆಯನ್ನೇ ಹರಿದು ಕೈಗೆ ಕೊಡುತ್ತೇನೆ. ಫೈಲಿನಲ್ಲಿ ಇದೂ ಇರಲಿ, ದನಿ ಬೈದರೂ ನಾನು ಕೂತಿದ್ದೆ ಎಂದು.