ಏಳು ರೆಕ್ಕೆಯ ಚಕ್ರ

ವಾಮದಪದವು
೧೨ ಆಗಸ್ಟ್ ೨೦೨೫

ಪ್ರೀತಿಯ ಅಣ್ಣನಿಗೆ,

ಹತ್ತು ತಿಂಗಳಿನಿಂದ ಒಂದು ವಿಷಯವನ್ನು ಮುಚ್ಚಿಟ್ಟಿದ್ದೇನೆ. ಮಂಗಳೂರಿನ ಆಸ್ಪತ್ರೆಯಲ್ಲಿ ಆ ದಿನ ನೀನು ರಕ್ತ ಕೊಡಲಿಲ್ಲ ಎಂದು ನನಗೆ ಗೊತ್ತು. ಕ್ಷೇಮ ಸಮಾಚಾರ ಮೊದಲು ಕೇಳಲು ಹೊರಟರೆ ಧೈರ್ಯ ಹೋದೀತು ಎಂದು ಇದನ್ನೇ ಮೊದಲು ಬರೆದೆ. ಇನ್ನು ಕೇಳುತ್ತೇನೆ. ನಿನ್ನ ಸೊಂಟನೋವು ಹೇಗಿದೆ? ಮಸ್ಕತ್ತಿನ ಸೆಕೆಯಲ್ಲಿ ಆ ಹೋಟೆಲಿನ ಒಲೆಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವುದು ಸಣ್ಣ ಕೆಲಸವಲ್ಲ, ನೀರು ಸರಿಯಾಗಿ ಕುಡಿ. ಅಮ್ಮ ಆರೋಗ್ಯದಿಂದ ಇದ್ದಾರೆ. ನನ್ನದು ಮಜೀದ್ ಕಾಕನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ ಹಾಗೆಯೇ ನಡೆಯುತ್ತಿದೆ; ಒಂದೂವರೆ ವರ್ಷ ಒಂದೇ ಕಡೆ ನಿಂತಿದ್ದೇನೆ, ನಂಬು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಷ್ಟವಿಲ್ಲದ ಮಾತು ಬಂದ ಕೂಡಲೇ ನಿನಗೆ ನೆಟ್‌ವರ್ಕ್ ಹೋಗುತ್ತದೆ. ನಿನ್ನ ರೂಮಿನ ಹಸೈನಾರ್ ರಜೆ ಮುಗಿಸಿ ಭಾನುವಾರ ವಾಪಸ್ ಬರುತ್ತಾರಲ್ಲ, ಅವರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಒಂಬತ್ತನೆಯಲ್ಲಿ ಶಾಲೆ ಬಿಟ್ಟವನ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಮಗಳ ಜೀನ್ ಪರೀಕ್ಷೆಯಲ್ಲಿ ಒಂದು ದೋಷ ಸಿಕ್ಕಿದಾಗ, ಅದು ತಂದೆಯಿಂದ ಬಂದದ್ದೋ ತಾಯಿಯಿಂದ ಬಂದದ್ದೋ ತಿಳಿಯಲು ಡಾಕ್ಟರು ನಿಮ್ಮಿಬ್ಬರ ರಕ್ತ ಕೇಳಿದ್ದರು. ಅಷ್ಟರಲ್ಲೇ ಮಗು ವಿಸ್ಮಿತಾಳಿಗೆ ಫಿಟ್ಸ್ ಬಂತು. ಅತ್ತಿಗೆ ಅವಳನ್ನು ಎತ್ತಿಕೊಂಡು ಓಡಿದರು, ಅವರ ಪರೀಕ್ಷೆ ಅಂದು ಆಗಲೇ ಇಲ್ಲ. ಲ್ಯಾಬಿನವರು ನಿನ್ನ ಹೆಸರನ್ನು ಎರಡು ಸಲ ಕರೆದರು. ನೀನು ಮೆಟ್ಟಿಲ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಕರೆಯಲು ಬಂದ ನಾನು ಕರೆಯದೆ ಲ್ಯಾಬಿನ ಬಾಗಿಲಿಗೆ ವಾಪಸ್ ಹೋದೆ. ನೀನು ಆ ಬಾಗಿಲು ದಾಟಲೇ ಇಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲಿ ತೋಳಿಗೆ ಹತ್ತಿ ಅಂಟಿಸಿಕೊಂಡು ಬಂದೆ. ತಿಂಗಳ ಮೇಲೆ ಮಸ್ಕತ್ತಿನಿಂದ ಅಮ್ಮನಿಗೆ ಫೋನ್ ಮಾಡಿ, ರಿಪೋರ್ಟ್ ಬಂತು, ನನ್ನದು ಸರಿ ಉಂಟು ಎಂದೆ.

ಅಲ್ಲಿಂದ ಮೇಲೆ ಈ ಮನೆಯಲ್ಲಿ ಏನಾಯಿತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಅಮ್ಮ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ಅದರಲ್ಲಿ ಅತ್ತಿಗೆಯ ತವರಿನ ನಾಗನ ದೋಷ ಎಂದು ಬಂತು. ನಿನ್ನ ಮಾತೂ ಪ್ರಶ್ನೆಯ ಮಾತೂ ಸೇರಿತು. ಮಗು ನಡೆಯುತ್ತಾ ಬಿದ್ದಾಗಲೆಲ್ಲ ಅಮ್ಮನ ಬಾಯಲ್ಲಿ ಒಂದೇ ಮಾತು: “ನಮ್ಮ ಕುಟುಂಬದಲ್ಲಿ ಇಂಥದ್ದು ಇರಲಿಲ್ಲ.” ಜನವರಿಯಲ್ಲಿ ಅತ್ತಿಗೆ ಮಗುವಿನ ಬಟ್ಟೆ ಮಾತ್ರ ತುಂಬಿಸಿಕೊಂಡು ಪುಂಜಾಲಕಟ್ಟೆಯ ತವರಿಗೆ ಹೋದರು. ಅವರನ್ನು ಬಸ್ಸು ಹತ್ತಿಸಿದ್ದು ನಾನೇ. ಆಗಲೂ ಬಾಯಿ ಬಿಡಲಿಲ್ಲ. ಯಾಕೆ ಎಂದರೆ, ನಿನ್ನ ಮಾನ ಉಳಿಸಲು ಅಲ್ಲ. ದೋಷ ನಿನ್ನ ರಕ್ತದಲ್ಲಿ ಇದ್ದರೆ ತಮ್ಮನಾದ ನನ್ನಲ್ಲೂ ಇರಬಹುದು ಎಂಬ ಹೆದರಿಕೆ ನನಗಿತ್ತು. ನೀನು ಯಾಕೆ ಗೋಡೆಗೆ ಮುಖ ಮಾಡಿ ನಿಂತೆ ಎಂದು ನನಗೆ ಅರ್ಥವಾಗುತ್ತದೆ ಅಣ್ಣ, ಅದಕ್ಕೇ ಸಿಟ್ಟು ಮಾಡಲು ಆಗುವುದಿಲ್ಲ.

ಮೇ ತಿಂಗಳಲ್ಲಿ ಮೂಡುಬಿದಿರೆಯ ಒಂದು ಕಾಲೇಜಿಗೆ ಕಿಟಕಿಯ ಗ್ರಿಲ್ ಕೂರಿಸಲು ಹೋಗಿದ್ದೆ. ಅಲ್ಲಿ ಜೀವಶಾಸ್ತ್ರ ಕಲಿಸುವ ಕಾಂತಿ ಮೇಡಂ ಎಂಬವರಿಗೆ ಫೋನಿನಲ್ಲಿದ್ದ ಮಗುವಿನ ರಿಪೋರ್ಟ್ ತೋರಿಸಿದೆ. ಅವರು ಹೇಳಿದ್ದು ಇಷ್ಟು: ನಮ್ಮ ಮೈಯ ಒಂದೊಂದು ಕೋಶವೂ ಒಳಗೆ ಹಾಳಾದದ್ದನ್ನೆಲ್ಲ ಒಂದು ಚೀಲ ಕಟ್ಟಿ ತುಂಬಿಸಿ, ಕರಗಿಸಿ, ಮತ್ತೆ ಉಪಯೋಗಿಸುತ್ತದೆ. ಆ ಚೀಲ ಕಟ್ಟುವ ಪ್ರೋಟೀನುಗಳಲ್ಲಿ ಒಂದು ವಿಸ್ಮಿತಾಳಲ್ಲಿ ಸರಿಯಾಗಿ ಆಗುವುದಿಲ್ಲ. ನನಗೆ ತಲೆಗೆ ಹೋಗಲಿಲ್ಲ ಎಂದೆ. “ಓದಿ ಹೋಗದಿದ್ದರೆ ಕೈಯಲ್ಲಿ ಮಾಡಿ ನೋಡು ಮಾರಾಯ” ಎಂದು ಆ ಪ್ರೋಟೀನಿನ ಚಿತ್ರ ಕೊಟ್ಟರು. ಏಳು ರೆಕ್ಕೆಯ ಫ್ಯಾನಿನ ಹಾಗಿರುವ ಚಕ್ರ, ಆರನೆಯ ರೆಕ್ಕೆಯಿಂದ ಹೊರಗೆ ಜೋಲುವ ಒಂದು ಕುಣಿಕೆ, ಪಕ್ಕದಲ್ಲಿ ಉದ್ದ ಕೋಲಿನಂಥ ಇನ್ನೊಂದು ಪ್ರೋಟೀನು. ಆ ಕೋಲಿನ ಮೂಲಕ ಕೊಬ್ಬು ಹರಿದು ಚೀಲ ಬೆಳೆಯುತ್ತದಂತೆ. ನಾಲ್ಕು ಸಂಜೆ ಕೂತು ಕಬ್ಬಿಣದ ಸರಿಗೆಯಲ್ಲಿ ಮಾಡಿದೆ. ಅಲ್ಲಾಡುವ ಕೆಲಸ ಕೆಟ್ಟ ಕೆಲಸ ಎಂದು ಮಜೀದ್ ಕಾಕ ಕಲಿಸಿದ್ದಾರಲ್ಲ, ಜೋಲುವ ಕುಣಿಕೆಗೆ ಮೂರು ಕಡೆ ವೆಲ್ಡ್ ಹೊಡೆದು ಗಟ್ಟಿ ಮಾಡಿದೆ. ಮೇಡಂ ನೋಡಿ ನಕ್ಕರು. “ಇದನ್ನು ಕಟ್ಟಿ ಹಾಕಿದೆಯಲ್ಲ. ಇದು ಬಾಗದಿದ್ದರೆ ಇದಕ್ಕೆ ಕೆಲಸವೇ ಇಲ್ಲ.” ಕುಣಿಕೆ ಬಾಗಿ ಚೀಲದ ಪೊರೆಯೊಳಗೆ ಹೊಕ್ಕರೆ ಮಾತ್ರ ಚಕ್ರ ಅಲ್ಲಿ ಹಿಡಿದು ನಿಲ್ಲುತ್ತದಂತೆ. ರೆಕ್ಕೆಗಳು ಗಟ್ಟಿ ಇರಬೇಕು, ಕುಣಿಕೆ ಸಡಿಲ ಇರಬೇಕು, ಎರಡೂ ಬೇಕು. ವೆಲ್ಡ್ ಕೊಯ್ದು ತೆಗೆದು ಬೈಕಿನ ಕ್ಲಚ್ ಕೇಬಲ್ ಹಾಕಿದೆ. ಈಗ ಅದು ಅವರ ಕ್ಲಾಸಿನಲ್ಲಿದೆ. ಮಕ್ಕಳು ಮುಟ್ಟಿ ಬಗ್ಗಿಸಿ ನೋಡುತ್ತಾರಂತೆ.

ವಿಸ್ಮಿತಾಳಲ್ಲಿ ಆ ಚಕ್ರ ಮಾಡುವ ಸೂಚನೆಯ ಒಂದು ಅಕ್ಷರ ಬದಲಾಗಿದೆ, ಒಂದು ರೆಕ್ಕೆ ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದಿಲ್ಲ. ಅಷ್ಟೇ. ಯಾರ ಕಡೆಯಿಂದ ಎಂದು ಕೇಳಿದ್ದಕ್ಕೆ, ಅದು ಡಾಕ್ಟರು ಹೇಳಬೇಕಾದದ್ದು ಎಂದು ಮೇಡಂ ನನ್ನನ್ನು ಅಲ್ಲಿಗೇ ಕಳಿಸಿದರು. ಜುಲೈಯಲ್ಲಿ ಅತ್ತಿಗೆಯನ್ನು ಕರೆದುಕೊಂಡು ಹೋದೆ, ಅವರು ರಕ್ತ ಕೊಟ್ಟರು. ಕಳೆದ ವಾರ ಫಲಿತಾಂಶ ಬಂತು. ಅವರಲ್ಲಿ ಆ ದೋಷ ಇಲ್ಲ. ಹಾಗಾದರೆ ನಿನ್ನಲ್ಲೇ ಎಂದು ಹೆದರಬೇಡ. ಇಂಥ ಹೆಚ್ಚಿನ ಮಕ್ಕಳಲ್ಲಿ ಇದು ತಂದೆಯಿಂದಲೂ ಬರುವುದಿಲ್ಲ, ತಾಯಿಯಿಂದಲೂ ಬರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಆಗುತ್ತದೆ, ಗಂಡಸರಲ್ಲಿ ಇದ್ದರೆ ಅವರು ನಿನ್ನ ಹಾಗೆ ಗಟ್ಟಿಮುಟ್ಟಾಗಿ ಇರುವುದು ಅಪರೂಪ ಎಂದರು ಡಾಕ್ಟರು. ಖಚಿತ ಮಾಡಿಕೊಳ್ಳಲು ನಿನ್ನ ರಕ್ತವೂ ಬೇಕು. ಈ ಸಲ ರಜೆಯಲ್ಲಿ ಕೊಡು, ನಾನು ಜೊತೆಗೆ ಬರುತ್ತೇನೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಇದನ್ನು ಗುಣ ಮಾಡುವ ಮದ್ದು ಈಗ ಇಲ್ಲ, ದೊಡ್ಡವಳಾದಾಗ ಕಷ್ಟ ಹೆಚ್ಚಬಹುದು. ಫಿಟ್ಸಿಗೆ ಮದ್ದು ಉಂಟು, ನಡೆಯಲು ವ್ಯಾಯಾಮ ಉಂಟು. ಮೊನ್ನೆ ಅತ್ತಿಗೆಯ ತವರಿಗೆ ಹೋದಾಗ ನನ್ನ ಬೆರಳು ಹಿಡಿದು ಅಂಗಳದ ತುದಿಯವರೆಗೆ ನಡೆದಳು, ಮತ್ತೆ ನನ್ನನ್ನೇ ವಾಪಸ್ ಎಳೆದಳು. ನಿನ್ನದೇ ಹಟ.

ನೀನು ರಕ್ತ ಕೊಡದ ವಿಷಯವನ್ನು ಅತ್ತಿಗೆಗೆ ಹೇಳುತ್ತೇನೆ. ನೀನು ಹೇಳುವವರೆಗೆ ಅವರು ಕಾಯುವುದು ಸರಿಯಲ್ಲ. ಬೈಯುವುದಿದ್ದರೆ ನನಗೆ ಬೈ, ಆದರೆ ಅವರಿಗೆ ಒಮ್ಮೆ ಫೋನ್ ಮಾಡು. ಮೈ ನೋಡಿಕೋ. ರೂಮಿನವರಿಗೆಲ್ಲ ನನ್ನ ನೆನಪು ತಿಳಿಸು.

ನಿನ್ನ ತಮ್ಮ
ಮನ್ವಿತ್

ತಾ.ಕ.: ಪತ್ರ ಮಡಚುವ ಮೊದಲು ಅಮ್ಮನಿಗೆ ಎಲ್ಲ ಹೇಳಿದೆ. ನಿನಗೆ ಬೈಯಲಿಲ್ಲ. “ಹಾಗಾದರೆ ದೋಷ ಯಾರದ್ದು?” ಎಂದು ಕೇಳಿದರು. ಯಾರದ್ದೂ ಅಲ್ಲ ಎಂದೆ. “ಯಾರದ್ದೂ ಅಲ್ಲದ್ದನ್ನು ನಾನು ಅವಳ ತಲೆಗೆ ಹಾಕಿದೆನಾ?” ಎಂದು ಎದ್ದು ಒಳಗೆ ಹೋದರು. ಈಗ ಬಂದು ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದಾರೆ. ಅತ್ತಿಗೆ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅಮ್ಮನೂ ನಾನೂ ಪುಂಜಾಲಕಟ್ಟೆಗೆ ಹೊರಡುತ್ತೇವೆ.