ಸೆಕೆ ಕಣೋ, ಗಾಳಿ ಹಾಕೋ

ಅಣ್ಣಾ,

ಇವತ್ತು ನಾನು ಕೆಲಸಕ್ಕಿರುವ ರಿಪೇರಿ ಅಂಗಡಿಯಲ್ಲಿ ಏನಾಯಿತು ಗೊತ್ತಾ? ಒಬ್ಬ ಮೇಡಂ ತಂದ ಹೊಸ ಲ್ಯಾಪ್‌ಟಾಪ್ ಬಿಸಿಯಾದೊಡನೆ ಪರದೆಯ ಮೇಲೆ ‘ಸೆಕೆ ಕಣೋ, ಗಾಳಿ ಹಾಕೋ!’ ಎಂದು ಬಂತು. ಶಾಲೆ ಬಿಟ್ಟು ಮುಖ ಊದಿಸಿ ಕೂತಿದ್ದ ನನ್ನನ್ನು ನಗಿಸಲೆಂದು ಲ್ಯಾಪ್‌ಟಾಪಿನ ಫ್ಯಾನ್ ನಡೆಸಲು ನೀನು ಬರೆದ ಪ್ರೋಗ್ರಾಮಿಗೆ ನೀನೇ ಸೇರಿಸಿದ ಸಾಲು!

ನೀನು ಬದುಕಿದ್ದಾಗ ‘ಹೊರಗಿನವರ ಕೆಲಸ ಬೇಡ’ ಎಂದು ಆ ಪ್ರೋಗ್ರಾಮನ್ನು ತಿರಸ್ಕರಿಸಿದ ಈ ಲ್ಯಾಪ್‌ಟಾಪಿನ ಕಂಪನಿಯೇ, ನೀನು ಊರಿಗೆಲ್ಲ ಬಿಟ್ಟಿ ಹಂಚಿದ್ದನ್ನು ಈಗ ತನ್ನ ಯಂತ್ರದಲ್ಲೇ ಹಾಕಿ ಮಾರುತ್ತಿದೆ. ಕಳ್ಳರೆಂದು ಬೈಯೋಣವೆಂದು ಪ್ರೋಗ್ರಾಮಿನ ಒಳಗೆಲ್ಲ ಹುಡುಕಿದೆ. ಬರೆದವನೆಂದು ನಿನ್ನ ಹೆಸರನ್ನು ಹಾಗೇ ಉಳಿಸಿದ್ದಾರೆ. ಆಮೇಲೆ ಬೈಯುವ ಮನಸ್ಸಾಗಲಿಲ್ಲ.

“ಯಾರದಪ್ಪಾ ಈ ತಲೆಹರಟೆ?” ಎಂದರು ಮೇಡಂ.

“ನಮ್ಮಣ್ಣಂದು.”

“ತೆಗೆಯೋಕೆ ಬರಲ್ವಾ ನಿಂಗೆ?”

“ಬರುತ್ತೆ ಮೇಡಂ. ತೆಗೆಯಲ್ಲ.”